ಮನೆಗೊಂದು ಮೀಡಿಯಾ ಸರ್ವರ್: ಕೋರ್ ಎಣಿಸುವ ಮೊದಲು ಗ್ರಾಫಿಕ್ಸ್ ನೋಡಿ

ಮದುವೆಯ ಡಿವಿಡಿ, ಮಕ್ಕಳ ಮೊಬೈಲ್ ವಿಡಿಯೊ, ಶರಣಬಸವೇಶ್ವರ ಜಾತ್ರೆಯ ತೇರು, ಅಜ್ಜ ಹಾಡಿದ ತತ್ವಪದದ ಕ್ಯಾಸೆಟ್‌ನಿಂದ ಇಳಿಸಿದ ಧ್ವನಿ, ಎಲ್ಲವನ್ನೂ ಒಂದೇ ಕಂಪ್ಯೂಟರಿನಲ್ಲಿಟ್ಟು ಮನೆಯ ಟಿವಿಯಲ್ಲಿಯೂ ಬೆಂಗಳೂರಿನಲ್ಲಿರುವ ಮಗಳ ಮೊಬೈಲಿನಲ್ಲಿಯೂ ನೋಡಬೇಕು. ಆ ಕಂಪ್ಯೂಟರೇ ಮೀಡಿಯಾ ಸರ್ವರ್. ಆಸೆ ಸಣ್ಣದು, ಖರ್ಚೂ ಸಣ್ಣದೇ ಆಗಬೇಕು. ಆದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಕಂಪ್ಯೂಟರ್ ಅಂಗಡಿಗೆ ಹೋಗುವವರು ಮೊದಲು ಕೇಳುವುದೇ ‘ಐ7 ಇದೆಯಾ?’ ಎಂದು. ಇರುತ್ತದೆ. ಧೂಳು ಒರೆಸಿ ಮುಂದಿಡುವುದು 2011ರಲ್ಲಿ ಬಂದ ಇಂಟೆಲ್ ಪ್ರೊಸೆಸರ್ ಐ7-2600. ಹೆಸರು ದೊಡ್ಡದು, ದರ ಅಗ್ಗ, ಕೊಂಡವರು ಖುಷಿ. ಮನೆಗೆ ಬಂದು ಹೊಸ ಮೊಬೈಲಿನ ವಿಡಿಯೊ ಹಚ್ಚಿದಾಗ ಫ್ಯಾನು ಕಿರುಚುತ್ತದೆ, ಚಿತ್ರ ತಡವರಿಸುತ್ತದೆ.

ಮೊದಲು: ಸರ್ವರ್‌ಗೆ ಕೆಲಸ ಯಾವಾಗ ಬೀಳುತ್ತದೆ?

ಟಿವಿಗೆ ಆ ಫೈಲ್ ಅರ್ಥವಾಗುವಂತಿದ್ದರೆ ಸರ್ವರ್ ಅದನ್ನು ಇದ್ದಂತೆಯೇ ದಾಟಿಸುತ್ತದೆ. ಅದಕ್ಕೆ ಎಂತಹ ಪ್ರೊಸೆಸರ್ ಆದರೂ ಸಾಕು. ಅರ್ಥವಾಗದಿದ್ದಾಗ ಚಿತ್ರವನ್ನು ಬಿಚ್ಚಿ, ಬೇರೆ ರೂಪದಲ್ಲಿ ಮತ್ತೆ ಕಟ್ಟಿ, ಆ ಕ್ಷಣದಲ್ಲೇ ಕಳಿಸಬೇಕು. ಇದೇ ಟ್ರಾನ್ಸ್‌ಕೋಡಿಂಗ್. ಮಗಳ ಮೊಬೈಲ್ ಡೇಟಾ ಉಳಿಸಲು ಚಿತ್ರದ ಗಾತ್ರ ಇಳಿಸಿದರೂ ಇದು ಬೇಕು, ಕೆಲವು ಬಗೆಯ ಸಬ್‌ಟೈಟಲ್‌ಗಳನ್ನು ಚಿತ್ರದ ಮೇಲೆಯೇ ಅಚ್ಚೊತ್ತಬೇಕಾದಾಗಲೂ ಬೇಕು. ವಿಚಿತ್ರವೆಂದರೆ ಮನೆಯ ಅತಿ ಹಳೆಯ ವಿಡಿಯೊ ಕೂಡ ಸರ್ವರ್‌ಗೆ ಬೆವರು ತರಿಸುತ್ತದೆ: ಡಿವಿಡಿಯಲ್ಲಿರುವುದು ಎಂಪೆಗ್-2 ಎಂಬ ಹಳೆಯ ವಿಡಿಯೊ ರೂಪ, ಅದನ್ನು ಬ್ರೌಸರ್‌ಗಳು ನೇರವಾಗಿ ಆಡಿಸುವುದಿಲ್ಲ.

ಈ ಕೆಲಸವನ್ನು ಪ್ರೊಸೆಸರ್‌ನ ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ತಲೆಗೆ ಕಟ್ಟಿದರೆ ಎಂಟು ಕೋರ್ ಇದ್ದರೂ ಏದುಸಿರು. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲಿ ಇದಕ್ಕೆಂದೇ ಒಂದು ಭಾಗವಿದೆ. ಇಂಟೆಲ್‌ನಲ್ಲಿ ಅದರ ಹೆಸರು ಕ್ವಿಕ್ ಸಿಂಕ್. ಕೋರ್‌ಗಳು ಸುಮ್ಮನಿರುವಾಗಲೇ ಅದು ಕೆಲಸ ಮುಗಿಸುತ್ತದೆ. ನೀವು ದುಡ್ಡು ಕೊಡಬೇಕಾದದ್ದು ಅದಕ್ಕೆ.

ಪ್ರೊಸೆಸರ್: ಅಂಕಿ ಓದಿ, ಬಾಲದ ಅಕ್ಷರವನ್ನೂ ಓದಿ

ಎಲ್ಲರೂ ಎಡವುವುದು ಇಲ್ಲೇ. ಐ3, ಐ5, ಐ7 ಎಂಬುದನ್ನು ಸದ್ಯಕ್ಕೆ ಮರೆತುಬಿಡಿ. ಅದರ ನಂತರದ ಅಂಕಿಯೇ ತಲೆಮಾರು. 2600 ಎಂದರೆ ಎರಡನೆಯದು, 8100 ಎಂದರೆ ಎಂಟನೆಯದು, ಐದು ಅಂಕಿಯ 12100 ಎಂದರೆ ಹನ್ನೆರಡನೆಯದು.

ಎರಡನೆಯ ತಲೆಮಾರಿನಲ್ಲೂ ಕ್ವಿಕ್ ಸಿಂಕ್ ಇದೆ. ಅಂಗಡಿಯವರು ಅದನ್ನೇ ಹೇಳುತ್ತಾರೆ, ಸುಳ್ಳಲ್ಲ. ಆದರೆ ಅದಕ್ಕೆ ಎಚ್.264 ಎಂಬ ಹಳೆಯ ವಿಡಿಯೊ ರೂಪ ಗೊತ್ತು, ಇಂದಿನ ಎಷ್ಟೋ ಮೊಬೈಲ್‌ಗಳು ಬಳಸುವ ಎಚ್‌ಇವಿಸಿ ಎಂಬ ರೂಪ ಗೊತ್ತಿಲ್ಲ. ಆರನೆಯ ತಲೆಮಾರಿನಲ್ಲಿ ಎಚ್‌ಇವಿಸಿ ಅರ್ಧ ಬಂತು, 8 ಬಿಟ್ ಬಣ್ಣದ್ದು ಮಾತ್ರ. 10 ಬಿಟ್‌ನದೂ ಸರಿಯಾಗಿ ಬಂದದ್ದು ಏಳನೆಯದರಲ್ಲಿ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಏಳಕ್ಕಿಂತ ಕೆಳಗೆ ಇಳಿಯಬೇಡಿ. ಎಂಟನೆಯ ತಲೆಮಾರಿನ ಐ3-8100 ನಾಲ್ಕು ಕೋರ್‌ಗಳೊಂದಿಗೆ ಒಳ್ಳೆಯ ಆಯ್ಕೆ. ಎವಿ1 ಎಂಬ ಹೊಸ ರೂಪದ ವಿಡಿಯೊಗಳೂ ಬೇಕೆಂದರೆ ಹನ್ನೆರಡನೆಯದಕ್ಕೇ ಹೋಗಿ.

ಹೊಸದರಲ್ಲಿ ನನ್ನ ಮಾತು ಒಂದೇ: ಐ3-12100. ನಾಲ್ಕು ಕೋರ್, ಯುಎಚ್‌ಡಿ 730 ಗ್ರಾಫಿಕ್ಸ್, ಡಬ್ಬಿಯಲ್ಲೇ ಕೂಲರ್. ಅದೂ ದುಬಾರಿ ಎನ್ನುವವರು ಅದೇ ತಲೆಮಾರಿನ ಪೆಂಟಿಯಂ ಗೋಲ್ಡ್ ಜಿ7400 ಕೇಳಿ. ಎರಡೇ ಕೋರ್ ಎಂದು ಅಂಗಡಿಯವರು ಮೂಗು ಮುರಿಯುತ್ತಾರೆ, ಮುರಿಯಲಿ. ವಿಡಿಯೊ ಬಿಚ್ಚುವ ಯಂತ್ರ ಅದರಲ್ಲೂ ಅಂಥದ್ದೇ.

ಇನ್ನು ಬಾಲದ ಅಕ್ಷರ. 12100 ಮತ್ತು 12100ಎಫ್ ಡಬ್ಬಿಗಳು ಅವಳಿ ಮಕ್ಕಳಂತಿರುತ್ತವೆ. ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಸ್ವಲ್ಪ ಅಗ್ಗವೆಂದು ಅದನ್ನು ಕೊಂಡರೆ ಟ್ರಾನ್ಸ್‌ಕೋಡಿಂಗ್ ಹಾಗಿರಲಿ, ಮಾನಿಟರ್ ಹಚ್ಚಿದರೆ ಚಿತ್ರವೇ ಬರುವುದಿಲ್ಲ; ಮೇಲೊಂದು ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕು, ಉಳಿಸಿದ್ದರ ಎಷ್ಟೋ ಪಟ್ಟು ಕಳೆಯಬೇಕು. ಬಿಲ್‌ನಲ್ಲಿ ಅಕ್ಷರ ಸಮೇತ ಮಾದರಿ ಸಂಖ್ಯೆ ಬರೆಸಿಕೊಳ್ಳಿ. ಎಎಂಡಿ ಕಂಪನಿಯ ಎಎಂ4 ಸಾಕೆಟ್‌ನ ರೈಜನ್ ಪ್ರೊಸೆಸರ್‌ಗಳಲ್ಲಿ ಲೆಕ್ಕ ತಿರುಗುಮುರುಗು: ಜಿ ಅಕ್ಷರ ಇದ್ದರೆ ಮಾತ್ರ ಗ್ರಾಫಿಕ್ಸ್. ರೈಜನ್ 5 5600ಜಿ ಇದ್ದರೆ ಸರಿ, ಬರೀ 5600 ಬೇಡ. ಆದರೂ ಮೀಡಿಯಾ ಸರ್ವರ್‌ಗೆ ನಾನು ಇಂಟೆಲ್ ಬಿಟ್ಟು ಬೇರೆ ಹೇಳುವುದಿಲ್ಲ.

ಆನ್‌ಲೈನ್‌ನಲ್ಲಿ ಹಳೆಯ ಜಿಯಾನ್ ಪ್ರೊಸೆಸರ್, ಹೆಸರಿಲ್ಲದ ಮದರ್‌ಬೋರ್ಡ್, ರ್‍ಯಾಮ್ ಮೂರನ್ನೂ ಸೇರಿಸಿ ಕಟ್ಟು ಮಾಡಿ ಮಾರುತ್ತಾರೆ. ಹನ್ನೆರಡು ಕೋರ್, ಹದಿನಾಲ್ಕು ಕೋರ್ ಎಂದು ಆಸೆ ತೋರಿಸುತ್ತಾರೆ. ಅದರಲ್ಲೂ ಗ್ರಾಫಿಕ್ಸ್ ಇರುವುದಿಲ್ಲ. ಮುಟ್ಟಬೇಡಿ.

ಬೋರ್ಡ್: ಹಿಂದಿನಿಂದ ಲೆಕ್ಕ ಹಾಕಿ

ಎಷ್ಟು ಹಾರ್ಡ್ ಡಿಸ್ಕ್ ಹಾಕುತ್ತೀರಿ ಎಂಬುದರಿಂದ ಶುರು ಮಾಡಿ. ಇಂದು ಎರಡು, ಮುಂದೆ ಇನ್ನೆರಡು ಎಂದಿದ್ದರೆ ನಾಲ್ಕು ಸಾಟಾ ಪೋರ್ಟ್ (ಡಿಸ್ಕ್ ಜೋಡಿಸುವ ಕಿಂಡಿ) ಬೇಕು. 12100ಗೆ ಎಚ್610 ಚಿಪ್‌ಸೆಟ್‌ನ ಬೋರ್ಡ್ ಸಾಕು, ಅದು ನಾಲ್ಕು ಪೋರ್ಟ್‌ವರೆಗೆ ಕೊಡಬಲ್ಲದು. ಎಲ್ಲ ಕಂಪನಿಯವರೂ ನಾಲ್ಕನ್ನೂ ಹಚ್ಚಿರುವುದಿಲ್ಲ, ಆದ್ದರಿಂದ ಬೋರ್ಡನ್ನು ಹೊರಗೆ ತೆಗೆಸಿ ಕಣ್ಣಾರೆ ಎಣಿಸಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಎಂಬ ಪುಟ್ಟ ಕಿಂಡಿಗೆ ಸಾಟಾ ಎಸ್‌ಎಸ್‌ಡಿ ಹಾಕಿದರೆ ಒಂದು ಪೋರ್ಟ್ ಸತ್ತುಹೋಗುತ್ತದೆ. ಇದು ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ರ್‍ಯಾಮ್ ಡಿಡಿಆರ್4 ಬೇಕೋ ಡಿಡಿಆರ್5 ಬೇಕೋ ಎಂಬುದೂ ಬೋರ್ಡ್ ಮೇಲೆಯೇ ನಿಂತಿದೆ. ಎಂಟು ಜಿಬಿ ಸಾಕು.

ಅಂಗಡಿಯ ಕೌಂಟರ್ ಬಿಡುವ ಮೊದಲು ಪ್ರೊಸೆಸರ್ ಕೂರುವ ಸಾಕೆಟ್ ನೋಡಿ. ಈ ಬೋರ್ಡ್‌ಗಳಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲಿ ಇರುವುದಿಲ್ಲ, ಬೋರ್ಡಿನಲ್ಲಿರುತ್ತವೆ. ಕೂದಲಿನಷ್ಟು ತೆಳ್ಳನೆಯ 1700 ಪಿನ್‌ಗಳು. ಕಪ್ಪು ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಎಲ್ಲವೂ ಒಂದೇ ಸಮನೆ ಮಿನುಗಬೇಕು. ಒಂದು ಕಡೆ ಹೊಳಪು ತಪ್ಪಿದರೆ ಅಲ್ಲೊಂದು ಪಿನ್ ಮಲಗಿದೆ ಎಂದರ್ಥ. ಮನೆಗೆ ತಂದ ಮೇಲೆ ಹೇಳಿದರೆ ‘ನೀವೇ ಬಾಗಿಸಿದ್ದೀರಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ, ವಾರಂಟಿಯೂ ಅದಕ್ಕೆ ಸಿಗುವುದಿಲ್ಲ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ಅಗ್ಗವೆಂದು ರೈಲು ಹತ್ತುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿಗೆ ಮತ್ತೆ ಹೋಗಿ ಬದಲಿಸಿಕೊಂಡು ಬರುವಷ್ಟರಲ್ಲಿ ಉಳಿತಾಯ ಟಿಕೆಟ್‌ಗೇ ಹೋಗಿರುತ್ತದೆ.

ಎಚ್61 ಎಂಬ ಹಳೆಯ ತಲೆಮಾರಿನ ಚಿಪ್‌ಸೆಟ್‌ನ ‘ಹೊಸ’ ಬೋರ್ಡ್‌ಗಳು ಇಂದಿಗೂ ಅಗ್ಗದ ಡಬ್ಬಿಗಳಲ್ಲಿ ಬರುತ್ತವೆ. ಸಾಟಾದ ವೇಗ ಹಳೆಯದು, ಕೆಲವದರಲ್ಲಿ ಲ್ಯಾನ್ ಪೋರ್ಟ್ ಕೂಡ 100 ಎಂಬಿಪಿಎಸ್. ಗಿಗಾಬಿಟ್ (1000 ಎಂಬಿಪಿಎಸ್) ಎಂದು ಬರೆದಿಲ್ಲದ ಬೋರ್ಡ್ ಯಾವ ದರಕ್ಕೂ ಬೇಡ.

ಒಂದು ಅಡ್ಡದಾರಿ

ಇಷ್ಟೆಲ್ಲ ಬೇಡ ಎನ್ನುವವರಿಗೆ ಎನ್100 ಬೋರ್ಡ್‌ಗಳಿವೆ. ಪ್ರೊಸೆಸರ್ ಅದರಲ್ಲೇ ಬೆಸುಗೆಯಾಗಿರುತ್ತದೆ, ಅದರ ಟಿಡಿಪಿ (ದುಡಿಯುವಾಗಿನ ಬಿಸಿಯ ಅಳತೆ) ಕೇವಲ 6 ವ್ಯಾಟ್, ಎವಿ1 ಕೂಡ ಬಿಚ್ಚುತ್ತದೆ. ಕೊರತೆ ಸಾಟಾದ್ದು: ಸಾಮಾನ್ಯವಾಗಿ ಒಂದೋ ಎರಡೋ. ಎರಡು ಡಿಸ್ಕ್ ಸಾಕೆಂದರೆ ಕಣ್ಣು ಮುಚ್ಚಿ ಇದನ್ನೇ ಕೊಳ್ಳಿ. ಕಚೇರಿಗಳಿಂದ ಹೊರಬಂದ ಎಂಟನೆಯ ತಲೆಮಾರಿನ ಪುಟ್ಟ ಬ್ರಾಂಡೆಡ್ ಪಿಸಿಗಳೂ ಚೆನ್ನ. ಆದರೆ ಅವುಗಳಲ್ಲಿ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಕೆಟ್ಟರೆ ಬೇರೆಯದು ಕೂರುವುದಿಲ್ಲ, ಅದೇ ಬೇಕು.

ಕರೆಂಟಿನ ಲೆಕ್ಕ

ಸರ್ವರ್ ಹಗಲು ರಾತ್ರಿ ಓಡುತ್ತದೆ. ಪ್ರತಿ 10 ವ್ಯಾಟ್‌ಗೆ ತಿಂಗಳಿಗೆ 7.2 ಯೂನಿಟ್. ಹಳೆಯ ಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿ 50 ವ್ಯಾಟ್ ಹೆಚ್ಚು ಎಳೆದರೆ ತಿಂಗಳಿಗೆ 36 ಯೂನಿಟ್ ಹೆಚ್ಚು. ಗೃಹಜ್ಯೋತಿಯ ಫಲಾನುಭವಿಗಳು ಇದನ್ನು ಗಮನಿಸಬೇಕು: ನಿಮ್ಮ ಮಿತಿ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾಗಿದೆ, ಅದನ್ನು ದಾಟಿದ್ದಕ್ಕೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಇಡೀ ಬಿಲ್ ನಿಮ್ಮದೇ. ಅಗ್ಗದ ಹಳೆಯ ಯಂತ್ರ ಅಲ್ಲಿ ದುಬಾರಿಯಾಗುತ್ತದೆ.

ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ನಂಬಬೇಡಿ. ‘450 ವ್ಯಾಟ್’ ಎಂಬುದು ಅದರ ಸ್ಟಿಕ್ಕರ್‌ನ ಮಾತು.

ಮನೆಗೆ ತಂದ ಮೇಲೆ

ಜೋಡಿಸುವುದು ಅಂಗಡಿಯವರೇ ಮಾಡಿಕೊಡುತ್ತಾರೆ. ಮೀಡಿಯಾ ಸರ್ವರ್ ನಡೆಸುವ ತಂತ್ರಾಂಶಗಳಲ್ಲಿ ಜೆಲ್ಲಿಫಿನ್ ಪುಕ್ಕಟೆ, ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್‌ಗೂ ಹಣ ಕೇಳುವುದಿಲ್ಲ; ಪ್ಲೆಕ್ಸ್ ಅದಕ್ಕೆ ಚಂದಾ ಕೇಳುತ್ತದೆ. ಜೆಲ್ಲಿಫಿನ್‌ನ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ಕ್ವಿಕ್ ಸಿಂಕ್ ಆರಿಸಲು ಮರೆತರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ, ಕೋರ್‌ಗಳೇ ದುಡಿಯುತ್ತವೆ.

ಪೆಟ್ಟಿಗೆಯನ್ನು ಸಜ್ಜಾದ ಮೇಲೆ ಏರಿಸಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಕೋಣೆಯ ಬಿಸಿಯೆಲ್ಲ ಸೇರುವುದು ಅಲ್ಲೇ. ಗೋಡೆಗೆ ಹಚ್ಚಿದ ಶಹಾಬಾದ್ ಕಲ್ಲಿನ ತೆರೆದ ಹಲಗೆಯಲ್ಲಿ, ಕೆಳಗಿನ ಸಾಲಿನಲ್ಲಿ, ಹಿಂದೆ ಒಂದು ಗೇಣು ಜಾಗ ಬಿಟ್ಟು ಇಡಿ.

ಕೊನೆಗೆ ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋಗಿ ‘ಎಸಿ ಪವರ್ ಲಾಸ್’ ಎಂಬ ಸಾಲು ಹುಡುಕಿ ‘ಪವರ್ ಆನ್’ ಮಾಡಿ. ಹೋದ ಕರೆಂಟು ಬಂದೊಡನೆ ಸರ್ವರ್ ತಾನೇ ಏಳುತ್ತದೆ. ಸೆಕೆಂಡ್ ಹ್ಯಾಂಡ್ ಬೋರ್ಡ್ ಆದರೆ ಅದರ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಅನ್ನು ಅಂದೇ ಬದಲಿಸಿ; ಅದು ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ಈ ಸೆಟ್ಟಿಂಗ್ ಕೂಡ ಅಳಿಸಿಹೋಗಬಹುದು.