ತೇಲುವ ಫೋಮ್ ಚಾಪೆ: ಫೋಮ್ ಕೊಳ್ಳುವ ಮೊದಲು ಲೆಕ್ಕ ಹಾಕಿ

ಅಮೆರಿಕದ ಸರೋವರಗಳಲ್ಲಿ ಬೇಸಿಗೆ ಬಂದರೆ 6 ಅಡಿ ಅಗಲ, 18 ಅಡಿ ಉದ್ದದ ಫೋಮ್ ಚಾಪೆಗಳು ನೀರಿಗಿಳಿಯುತ್ತವೆ. ಮಕ್ಕಳು ಅದರ ಮೇಲೆ ಓಡುತ್ತಾರೆ, ದೊಡ್ಡವರು ಮಲಗಿ ಬಿಸಿಲು ಕಾಯಿಸುತ್ತಾರೆ. ಗಾಳಿ ತುಂಬುವ ಗೋಜಿಲ್ಲ, ಪಂಕ್ಚರ್ ಭಯವಿಲ್ಲ. ತೋಟದಲ್ಲಿ ಕೆರೆಯೋ, ಹೋಂಸ್ಟೇಯಲ್ಲಿ ಈಜುಕೊಳವೋ ಇದ್ದರೆ ಇಂಥದ್ದೊಂದು ಚಿಕ್ಕ ಚಾಪೆಯನ್ನು ನೀವೇ ಮಾಡಿಕೊಳ್ಳಬಹುದು. ಹರಿಯುವ ಹೊಳೆಗೆ ಮಾತ್ರ ಬೇಡ.

ಮೊದಲು ಫೋಮ್ ಯಾವುದು ಅಂತ ತೀರ್ಮಾನಿಸಿ. ಸೋಫಾಕ್ಕೆ ಹಾಕುವ ಸ್ಪಂಜು ಬೇಡವೇ ಬೇಡ, ಅದು ನೀರು ಕುಡಿದು ಭಾರವಾಗುತ್ತದೆ. ಥರ್ಮಕೋಲ್ ತೇಲುತ್ತದೆ ನಿಜ, ಆದರೆ ಬಾಗದೆ ಮುರಿಯುತ್ತದೆ, ಉದುರಿದ ಬಿಳಿ ಕಾಳುಗಳು ಕೆರೆ ತುಂಬಾ ಹರಡಿ ಮೀನಿನ ಹೊಟ್ಟೆಗೂ ಹೋಗುತ್ತವೆ. ನಮಗೆ ಬೇಕಾದದ್ದು ಒಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವ ಫೋಮ್. ಟಿವಿ, ಫ್ರಿಜ್ ಪ್ಯಾಕಿಂಗಿನಲ್ಲಿ ಬರುವ, ಬಾಗುವ ಬಿಳಿ ಇಪಿಇ (ಉಬ್ಬಿಸಿದ ಪಾಲಿಎಥಿಲೀನ್) ಫೋಮ್ ಅದೇ ಜಾತಿಯದು, ಅಗ್ಗವೂ ಹೌದು, ಆದರೆ ಬೇಗ ಹರಿಯುತ್ತದೆ. ಸ್ವಲ್ಪ ಜಾಸ್ತಿ ಖರ್ಚಾದರೂ ಎಕ್ಸ್‌ಎಲ್‌ಪಿಇ, ಅಂದರೆ ಕ್ರಾಸ್‌ಲಿಂಕ್ ಮಾಡಿದ (ಅಣುಗಳ ಸರಪಳಿಗಳನ್ನು ಒಂದಕ್ಕೊಂದು ಬೆಸೆದ) ಪಾಲಿಎಥಿಲೀನ್ ಶೀಟ್ ತೆಗೆದುಕೊಳ್ಳಿ. ಎಳೆತ ತಡೆಯುವುದು ಅದೇ.

ಈಗ ಲೆಕ್ಕ. ಚಾಪೆ 1.8 ಮೀಟರ್ ಅಗಲ, 3 ಮೀಟರ್ ಉದ್ದ, 5 ಸೆಂಟಿಮೀಟರ್ ದಪ್ಪ ಅಂದುಕೊಳ್ಳಿ. ಮೂರನ್ನೂ ಗುಣಿಸಿದರೆ 0.27 ಘನ ಮೀಟರ್, ಅಂದರೆ 270 ಲೀಟರ್. ಚಾಪೆ ಪೂರ್ತಿ ಮುಳುಗಿದರೆ 270 ಕೆಜಿ ನೀರನ್ನು ಸರಿಸುತ್ತದೆ. ಘನ ಮೀಟರಿಗೆ 30 ಕೆಜಿ ತೂಗುವ ಫೋಮ್ ಆದರೆ ಚಾಪೆಯದೇ ತೂಕ ಸುಮಾರು 8 ಕೆಜಿ, ಅದನ್ನು ಕಳೆಯಿರಿ. ಉಳಿದದ್ದು 262 ಕೆಜಿ, ಲೆಕ್ಕದ ಪ್ರಕಾರ ಚಾಪೆ ಹೊರಬಲ್ಲ ಭಾರ ಇಷ್ಟು. ಹಾಗಂತ ನಾಲ್ಕು ಜನ ದೊಡ್ಡವರನ್ನು ಹತ್ತಿಸಬೇಡಿ!

ಮೆತ್ತಗಿನ ಫೋಮ್ ಭಾರವನ್ನು ಸಮನಾಗಿ ಹಂಚುವುದಿಲ್ಲ, ಇಡೀ ವಿನ್ಯಾಸದಲ್ಲಿ ಮರೆಯಬಾರದ ವಿಷಯ ಇದು. 60 ಕೆಜಿಯವರು ಎದ್ದು ನಿಂತರೆ ಅವರನ್ನು ಎತ್ತಿ ಹಿಡಿಯಲು 60 ಲೀಟರಿಗಿಂತ ಸ್ವಲ್ಪ ಹೆಚ್ಚೇ ಫೋಮ್ ಬೇಕು, 5 ಸೆಂಟಿಮೀಟರ್ ದಪ್ಪದಲ್ಲಿ ಅದು ಸುಮಾರು 1.2 ಚದರ ಮೀಟರ್ ಜಾಗ. ಆದರೆ ಕಾಲ ಕೆಳಗೆ ಬಾಗುವುದು ಅದಕ್ಕಿಂತ ಚಿಕ್ಕ ಜಾಗ, ಹಾಗಾಗಿ ಅಲ್ಲಿ ಗುಂಡಿ ಬಿದ್ದು ನೀರು ಬರುತ್ತದೆ. ಮಲಗಿದರೆ ಕಥೆಯೇ ಬೇರೆ: ಭಾರ ಹರಡುತ್ತದೆ, ನೀರಿಗೆ ತಾಗಿದ ಮೈಯನ್ನು ನೀರೇ ಎತ್ತುತ್ತದೆ. ಅದಕ್ಕೇ ನಾನು ಹೇಳುವುದು, ಬಂದ ಲೆಕ್ಕದಲ್ಲಿ ಅರ್ಧವನ್ನು ಮಾತ್ರ ನಂಬಿ. ಈ ಚಾಪೆಗೆ 130 ಕೆಜಿ, ಅಂದರೆ ಇಬ್ಬರು ದೊಡ್ಡವರು.

ಅಗಲ 1.8 ಮೀಟರಿಗಿಂತ ಹೆಚ್ಚಿಸಬೇಡಿ. ಆಡುತ್ತಾ ಮಗು ಚಾಪೆಯ ಅಡಿಗೆ ಹೋಗಿಬಿಟ್ಟರೆ ಮೇಲಿಂದ ಕಾಣುವುದಿಲ್ಲ, ಕೆಳಗಿನಿಂದ ತಲೆ ಎತ್ತಲೂ ಆಗುವುದಿಲ್ಲ. ಈ ಅಗಲದಲ್ಲಿ ನಟ್ಟನಡುವೆ ಇದ್ದರೂ ಹತ್ತಿರದ ಅಂಚು 90 ಸೆಂಟಿಮೀಟರ್ ದೂರ. ಚಾಪೆ ದೊಡ್ಡದಾದಷ್ಟೂ ಈ ಅಪಾಯ ದೊಡ್ಡದಾಗುತ್ತದೆ.

ಜೋಡಿಸುವುದಕ್ಕೆ 25 ಮಿಲಿಮೀಟರಿನ ಎರಡು ಪದರ ಸಾಕು. ಅಷ್ಟಗಲದ ಶೀಟ್ ಸಿಗದಿದ್ದರೆ ತುಂಡುಗಳನ್ನು ಸೇರಿಸಿ, ಆದರೆ ಇಟ್ಟಿಗೆ ಗೋಡೆ ಕಟ್ಟುವಾಗ ಮಾಡುವ ಹಾಗೆ ಸಂದಿನ ಮೇಲೆ ಸಂದು ಬರದಂತೆ ನೋಡಿಕೊಳ್ಳಿ. ಪಾಲಿಎಥಿಲೀನಿಗೆ ಅಂಟು ಸುಲಭಕ್ಕೆ ಹಿಡಿಯುವುದಿಲ್ಲ. ಹಾಟ್ ಏರ್ ಗನ್ನಿನಿಂದ ಎರಡೂ ಮೇಲ್ಮೈ ಹೊಳಪು ಬರುವಷ್ಟು ಕರಗಿಸಿ ತಕ್ಷಣ ಒತ್ತಿದರೆ ಚೆನ್ನಾಗಿ ಬೆಸೆಯುತ್ತದೆ. ಬಯಲಲ್ಲಿ ಮಾಡಿ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ, ಫೋಮ್‌ಗೆ ಬೆಂಕಿ ಹತ್ತುತ್ತದೆ. ಮೊದಲು ಅಂಗೈಯಗಲದ ಎರಡು ತುಂಡು ಬೆಸೆದು, ರಾತ್ರಿಯಿಡೀ ಕಲ್ಲು ಹೇರಿ ನೀರಲ್ಲಿಟ್ಟು, ಬೆಳಿಗ್ಗೆ ಎಳೆದು ನೋಡಿ. ಸಂದು ಬಿಡದೆ ಫೋಮೇ ಹರಿದರೆ ಬೆಸುಗೆ ಸರಿಯಿದೆ ಅಂತ ಅರ್ಥ.

ಮೂಲೆಗಳನ್ನು ತಟ್ಟೆ ಇಟ್ಟು ಗೆರೆ ಎಳೆದು ದುಂಡಗೆ ಕತ್ತರಿಸಿ, ಫೋಮ್ ಹರಿಯಲು ಶುರುವಾಗುವುದು ಚೂಪು ಮೂಲೆಯಿಂದಲೇ. ಹಗ್ಗ ಕಟ್ಟಲು ಫೋಮಿಗೆ ಸುಮ್ನೆ ತೂತು ಮಾಡಿ ಐಲೆಟ್ (ತೂತಿನ ಅಂಚಿಗೆ ಕೂರಿಸುವ ಲೋಹದ ಬಳೆ) ಹೊಡೆಯಬೇಡಿ, ಗಾಳಿಗೆ ಎಳೆದಾಗ ಕಿತ್ತು ಬರುತ್ತದೆ. ಪದರಗಳನ್ನು ಬೆಸೆಯುವ ಮೊದಲೇ ನಡುವೆ ಒಂದು ಪಾಲಿಯೆಸ್ಟರ್ ಪಟ್ಟಿಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ಹಾಯಿಸಿ, ತುದಿಗಳನ್ನು ಹೊರಗೆ ಕುಣಿಕೆ ಮಾಡಿ ಹೊಲಿಯಿರಿ. ಕುಣಿಕೆಯಲ್ಲಿ ಕೈ ಹಿಡಿಸಬೇಕು, ಮಗುವಿನ ತಲೆ ಹಿಡಿಸಬಾರದು.

ಬಣ್ಣ ಹಳದಿ ಇರಲಿ. ಕಪ್ಪು ಬಿಸಿಲಿಗೆ ಕಾದು ಕಾಲು ಸುಡುತ್ತದೆ, ನೀಲಿ, ಹಸಿರು ಬಣ್ಣಗಳು ನೀರಲ್ಲಿ ಎದ್ದು ಕಾಣುವುದಿಲ್ಲ.

ಮೊದಲ ಸಲ ಸೊಂಟದುದ್ದ ನೀರಿನಲ್ಲೇ ಪರೀಕ್ಷಿಸಿ: ಒಬ್ಬರು ಮಲಗಿ, ಆಮೇಲೆ ಕೂತು, ಕೊನೆಗೆ ಅಂಚಿನಿಂದ ಹತ್ತಿ ನೋಡಲಿ. ಇದು ಲೈಫ್ ಜಾಕೆಟ್ ಅಲ್ಲ, ಮಕ್ಕಳಿಗೆ ಜಾಕೆಟ್ ಹಾಕಿಯೇ ಹತ್ತಿಸಿ, ಈಜು ಬರುವ ದೊಡ್ಡವರೊಬ್ಬರು ದಡದಲ್ಲಿ ಮೊಬೈಲ್ ನೋಡದೆ ನಿಂತಿರಲಿ. ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡಕ್ಕೆ ಇದನ್ನು ಇಳಿಸಲೇಬೇಡಿ, ಅದರ ಇಳಿಜಾರಿನಲ್ಲಿ ಕಾಲು ಜಾರಿದರೆ ಈಜು ಬರುವವರಿಗೂ ಮೇಲೆ ಹತ್ತುವುದು ಕಷ್ಟ.

ಆಟ ಮುಗಿದ ಮೇಲೆ ಒಣಗಿಸಿ, ದಪ್ಪ ಪಿವಿಸಿ ಪೈಪಿಗೆ ಸುತ್ತಿ ನೆರಳಲ್ಲಿಡಿ. ಮಡಚಿದರೆ ಮಡಿಕೆ ಬಿದ್ದಲ್ಲೇ ಸೀಳುತ್ತದೆ, ಬಿಸಿಲಲ್ಲಿ ಬಿಟ್ಟರೆ ಮೇಲ್ಪದರ ಪುಡಿಪುಡಿಯಾಗುತ್ತದೆ.