ಸೋಫಾದ ಮೂಲೆ ಹೇಳಿಕೊಟ್ಟ ಅಳತೆ

ಬೆಕ್ಕಿಗೆ ಎಂಥ ಸ್ಕ್ರ್ಯಾಚಿಂಗ್ ಪೋಸ್ಟ್ (ಉಗುರು ಹಾಕಿ ಪರಚಲೆಂದೇ ಇಡುವ ಕಂಬ) ತರಲಿ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಅದು ಈಗ ಏನನ್ನು ಪರಚುತ್ತಿದೆ? ಸೋಫಾದ ಕೈಯನ್ನೋ, ಬಾಗಿಲ ಚೌಕಟ್ಟನ್ನೋ, ಕಾಲೊರಸನ್ನೋ? ನಿಂತುಕೊಂಡು ಪರಚುತ್ತದೋ, ನೆಲಕ್ಕೆ ಮೈಚಾಚಿ ಪರಚುತ್ತದೋ? ಯಾವ ಹೊತ್ತಿನಲ್ಲಿ? ಇಷ್ಟಕ್ಕೆ ಉತ್ತರ ಗೊತ್ತಿದ್ದರೆ ಅಂಗಡಿಗೆ ಹೋಗುವ ಮೊದಲೇ ಮುಕ್ಕಾಲು ಪಾಲು ಆಯ್ಕೆ ಮುಗಿದಂತೆ. ಹಾಳಾದ ಸೋಫಾ ನೋಡಿ ಸಂಕಟಪಡುವ ಬದಲು ಅದರ ಹತ್ತಿರ ಕೂತು ಸ್ವಲ್ಪ ಗಮನವಿಟ್ಟು ನೋಡಿ. ನಿಮ್ಮ ಬೆಕ್ಕಿಗೆ ಬೇಕಾದ ಎತ್ತರ, ದಿಕ್ಕು, ಬಟ್ಟೆಯ ನೇಯ್ಗೆ, ಮನೆಯೊಳಗಿನ ಜಾಗ ಎಲ್ಲವೂ ಅಲ್ಲೇ ಬರೆದಿರುತ್ತದೆ.

ಬೆಂಗಳೂರಿನ ಮೂರನೇ ಮಹಡಿಯ ಫ್ಲ್ಯಾಟ್ ನಮ್ಮದು. ಬಾಲ್ಕನಿಗೆ ಬಲೆ ಹಾಕಿದೆ. ಗುಂಡ, ಕೆಂಚ, ಚುಕ್ಕಿ ಎಂಬ ಮೂರು ಬೆಕ್ಕುಗಳು ಹೊರಗೆ ಹೋಗುವುದೇ ಇಲ್ಲ. ಊರಿನ ಮನೆಯಲ್ಲಾಗಿದ್ದರೆ ಹಿತ್ತಲ ತೆಂಗಿನ ಮರವೋ ದನದ ಕೊಟ್ಟಿಗೆಯ ಕಂಬವೋ ಇರುತ್ತಿತ್ತು, ಯಾರೂ ಇದರ ಬಗ್ಗೆ ಯೋಚಿಸಬೇಕಿರಲಿಲ್ಲ. ಫ್ಲ್ಯಾಟಿನಲ್ಲಿ ಆ ಮರವನ್ನು ನಾವೇ ಒದಗಿಸಬೇಕು. ನಮ್ಮ ಮೂರಕ್ಕೂ ಬೇಕಾದ್ದನ್ನು ನಾನೇ ಮಾಡಿಕೊಂಡೆ. ಆಮೇಲೆ ಬೀದಿಮರಿಗಳನ್ನು ಸಾಕಿ ಮನೆ ಹುಡುಕಿಕೊಡುವ ಗೆಳೆಯರಿಗೂ ಮಾಡಿಕೊಡುತ್ತ ಬಂದಿದ್ದೇನೆ.

ಪರಚುವುದು ಕೆಟ್ಟ ಚಾಳಿಯಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಬೆಕ್ಕಿನ ಉಗುರು ಈರುಳ್ಳಿಯ ಹಾಗೆ ಪದರ ಪದರವಾಗಿ ಬೆಳೆಯುತ್ತದೆ. ಹಳೆಯ ಹೊರಪದರ ಕಳಚಿ ಬೀಳಲು ಏನನ್ನಾದರೂ ಹಿಡಿದು ಎಳೆಯಲೇಬೇಕು. ಪೋಸ್ಟಿನ ಬುಡದಲ್ಲಿ ಅರ್ಧಚಂದ್ರಾಕಾರದ ಪೊಳ್ಳು ಸಿಪ್ಪೆಗಳು ಸಿಕ್ಕರೆ ಗಾಬರಿ ಬೇಡ, ಉಗುರು ಕಿತ್ತುಬಂದಿಲ್ಲ. ಎರಡನೆಯ ಕಾರಣ, ಮೈಮುರಿಯುವುದು. ಮುಂಗಾಲು ಊರಿ, ಭುಜ, ಬೆನ್ನು, ಸೊಂಟವನ್ನೆಲ್ಲ ಒಟ್ಟಿಗೆ ಎಳೆದುಕೊಳ್ಳಲು ಅದಕ್ಕೆ ಗಟ್ಟಿಯಾದ ಆಧಾರ ಬೇಕು. ಮೂರನೆಯದು, ಗುರುತು ಹಾಕುವುದು. ಅಂಗಾಲಿನ ಬೆರಳುಗಳ ನಡುವೆ ವಾಸನೆ ಸೂಸುವ ಗ್ರಂಥಿಗಳಿವೆ. ಗೀರು ಕಣ್ಣಿಗೆ, ವಾಸನೆ ಮೂಗಿಗೆ: ಎರಡೂ ಸೇರಿ ‘ಇದು ನನ್ನ ಜಾಗ’ ಎನ್ನುತ್ತವೆ. ಹಾಗಾಗಿಯೇ ಬೆಕ್ಕು ಮನೆಮಂದಿ ಓಡಾಡುವ ಎದ್ದುಕಾಣುವ ಕಡೆ ಪರಚುತ್ತದೆ. ಯಾರಿಗೂ ಕಾಣದ ಮೂಲೆಯಲ್ಲಿ ಗುರುತು ಹಾಕಿ ಅದಕ್ಕೇನು ಪ್ರಯೋಜನ?

ಈ ಮೂರು ಕಾರಣಗಳನ್ನು ಎದುರಿಗಿಟ್ಟುಕೊಂಡು ಸಾಕುಪ್ರಾಣಿ ಅಂಗಡಿಗೆ ಹೋದರೆ ಅಲ್ಲಿನ ಹೆಚ್ಚಿನ ಪೋಸ್ಟುಗಳು ಏಕೆ ಧೂಳು ಹಿಡಿಯುತ್ತವೆ ಎಂದು ತಿಳಿಯುತ್ತದೆ. ನಲವತ್ತು, ನಲವತ್ತೈದು ಸೆಂಟಿಮೀಟರ್ ಎತ್ತರ, ಕೈಗೆತ್ತಿದರೆ ಹಗುರ, ತಳಕ್ಕೊಂದು ತೆಳ್ಳನೆಯ ಹಲಗೆ, ಮೇಲೆ ತೂಗಾಡುವ ಚೆಂಡು. ಮರಿಗೆ ಕೆಲವು ತಿಂಗಳು ಸಾಕು, ಬೆಳೆದ ಬೆಕ್ಕಿಗೆ ಏನೇನೂ ಸಾಲದು. ಹಿಂಗಾಲ ಮೇಲೆ ನಿಂತು ಪೂರ್ತಿ ಮೈಚಾಚಿದ ಬೆಕ್ಕು ಸುಮಾರು 75ರಿಂದ 90 ಸೆಂ.ಮೀ. ಎತ್ತರ ಮುಟ್ಟುತ್ತದೆ. ಗುಂಡ ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಬಿಟ್ಟಿದ್ದ ಗೀರುಗಳಿಗೆ ಟೇಪು ಹಿಡಿದು ನೋಡಿದೆ. ಮೇಲಿನ ಗೀರು 80 ಸೆಂ.ಮೀ. ದಾಟಿತ್ತು. ಅವನ ಕಂಬದ ಎತ್ತರ ಅಲ್ಲೇ ತೀರ್ಮಾನವಾಯಿತು.

ಎತ್ತರಕ್ಕಿಂತಲೂ ಮುಖ್ಯವಾದದ್ದು ಅಲುಗಾಡದಿರುವುದು. ನಾನು ಇದನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಬೆಕ್ಕು ಕಂಬಕ್ಕೆ ಉಗುರು ಹಾಕಿ ತನ್ನ ಭಾರವನ್ನೆಲ್ಲ ಕೆಳಕ್ಕೂ ಹಿಂದಕ್ಕೂ ಎಳೆಯುತ್ತದೆ. ಆ ಕ್ಷಣದಲ್ಲಿ ಕಂಬ ಒಮ್ಮೆ ಓಲಾಡಿದರೆ ಸಾಕು, ಅದು ಬೆದರಿ ಬಿಟ್ಟುಬಿಡುತ್ತದೆ. ಮೈಮೇಲೆ ಬಿದ್ದರಂತೂ ಮತ್ತೆ ಹತ್ತಿರ ಸುಳಿಯುವುದು ಕಷ್ಟ. ನಾಲ್ಕೈದು ಕೆ.ಜಿ. ಬೆಕ್ಕು ಜೋತುಬಿದ್ದರೂ ಸೋಫಾ ಅಲುಗಾಡುವುದಿಲ್ಲ. ಸೋಫಾ ಗೆಲ್ಲುವುದು ಇಲ್ಲಿಯೇ. ಅಂಗಡಿಯಲ್ಲಿ ಪೋಸ್ಟಿನ ತುದಿಯನ್ನು ಒಂದು ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆದು ನೋಡಿ. ತಳ ನೆಲದಿಂದ ಎದ್ದರೆ ಎಷ್ಟೇ ಚೆಂದವಿದ್ದರೂ ಬಿಟ್ಟುಬನ್ನಿ.

ನಾನು ತಳಕ್ಕೆ ಗ್ರಾನೈಟ್ ಬಳಸುತ್ತೇನೆ. ಅಡುಗೆಕಟ್ಟೆ ಮಾಡುವ ಕಲ್ಲಿನ ಅಂಗಡಿಗಳ ಹಿಂದೆ ಕತ್ತರಿಸಿ ಉಳಿದ ತುಂಡುಗಳ ರಾಶಿ ಇರುತ್ತದೆ, ಕಡಿಮೆ ದುಡ್ಡಿಗೆ ಕೊಡುತ್ತಾರೆ. 45 ಸೆಂ.ಮೀ. ಚೌಕದ, 18 ಮಿ.ಮೀ. ದಪ್ಪದ ತುಂಡು ಹೆಚ್ಚುಕಡಿಮೆ 10 ಕೆ.ಜಿ. ತೂಗುತ್ತದೆ. ಗುಂಡನಂಥ ಗಂಡು ಬೆಕ್ಕು ಓಡಿಬಂದು ಹಾರಿದರೂ ಜಗ್ಗುವುದಿಲ್ಲ. ಅಂಗಡಿಯವರಿಗೇ ಹೇಳಿ ಅಂಚು ಉಜ್ಜಿಸಿ, ನಡುವೆ ತ್ರಿಕೋನಾಕಾರದಲ್ಲಿ ಮೂರು ತೂತು ಕೊರೆಸುತ್ತೇನೆ. ಒಂದೇ ಬೋಲ್ಟ್ ಹಾಕಿದರೆ ಕಂಬ ದಿನ ಕಳೆದಂತೆ ಸುತ್ತತೊಡಗುತ್ತದೆ, ಮೂರಿದ್ದರೆ ಅಲ್ಲಾಡುವುದಿಲ್ಲ. ಬೋಲ್ಟಿನ ತಲೆ ಹೊರಚಾಚದಂತೆ ಕಲ್ಲಿನ ಅಡಿಯಲ್ಲಿ ತೂತಿನ ಬಾಯಿ ಅಗಲ ಮಾಡಿಸಬೇಕು, ಮೂಲೆಗಳಿಗೆ ರಬ್ಬರ್ ಬಿಲ್ಲೆ ಅಂಟಿಸಬೇಕು. ಇಲ್ಲದಿದ್ದರೆ ಟೈಲ್ಸ್ ಗೀರುತ್ತದೆ.

ಕಂಬಕ್ಕೆ ಚೆನ್ನಾಗಿ ಒಣಗಿದ ಸರ್ವೆ ಮರದ ಗಳ ಒಳ್ಳೆಯದು. ಕಟ್ಟಡದ ಕೆಲಸಕ್ಕೆ ಬಳಸುವುದರಿಂದ ಸುಲಭವಾಗಿ ಸಿಗುತ್ತದೆ, ಸ್ಕ್ರೂ ಗಟ್ಟಿಯಾಗಿ ಹಿಡಿಯುತ್ತದೆ. 110 ಮಿ.ಮೀ. ಪಿವಿಸಿ ಪೈಪನ್ನೂ ಬಳಸಬಹುದು. ಆದರೆ ಅದು ನುಣುಪು. ಉಪ್ಪುಕಾಗದದಿಂದ ಉಜ್ಜದೆ ಹಗ್ಗ ಸುತ್ತಿದರೆ ಬೆಕ್ಕು ಎಳೆದಂತೆಲ್ಲ ಸುತ್ತುಗಳು ಕೆಳಗೆ ಜಾರಿ ಮೇಲ್ಗಡೆ ಬೋಳಾಗುತ್ತದೆ.

ಹಗ್ಗದ ವಿಷಯಕ್ಕೆ ಬರೋಣ. ಆನ್‌ಲೈನ್ ಅಂಗಡಿಗಳು ‘ಸಿಸಲ್’ ಎಂದು ಮಾರುವುದು ನಮ್ಮ ಕತ್ತಾಳೆ ಜಾತಿಯದೇ ನಾರು. ಹಿಂದೆ ಹಳ್ಳಿಗಳಲ್ಲಿ ದನ ಕಟ್ಟಲು ಇದರ ಹಗ್ಗವೇ ಇರುತ್ತಿತ್ತು, ಈಗ ಆ ಜಾಗಕ್ಕೆ ನೈಲಾನ್ ಬಂದಿದೆ. ಕೆ.ಆರ್. ಮಾರುಕಟ್ಟೆ ಸುತ್ತಲಿನ ಹಗ್ಗದ ಅಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ಕತ್ತಾಳೆ ನಾರು ಉದ್ದ ಮತ್ತು ಗಟ್ಟಿ. ಉಗುರು ಒಳಗಿಳಿಯುತ್ತದೆ, ಎಳೆದಾಗ ತಡೆದು ನಿಂತು ಆಮೇಲೆ ನಿಧಾನಕ್ಕೆ ಬಿಟ್ಟುಕೊಡುತ್ತದೆ. ಬೆಕ್ಕಿಗೆ ಬೇಕಾದದ್ದು ಆ ಹಿಡಿತವೇ. 2016ರಲ್ಲಿ ಬೆಕ್ಕು ಸಾಕಿದವರ ನಡುವೆ ನಡೆದ ದೊಡ್ಡದೊಂದು ಆನ್‌ಲೈನ್ ಸಮೀಕ್ಷೆಯಲ್ಲೂ ಇದೇ ಕಂಡಿತು: ಮಾಲೀಕರು ಹೆಚ್ಚಾಗಿ ಒದಗಿಸಿದ್ದು ಕಾರ್ಪೆಟ್ ಹೊದಿಸಿದ ಪೋಸ್ಟ್, ಬೆಕ್ಕುಗಳು ಹೆಚ್ಚಾಗಿ ಬಳಸಿದ್ದು ಹಗ್ಗ ಸುತ್ತಿದ್ದನ್ನು. ತೆಂಗಿನ ನಾರಿನ ಹಗ್ಗ ಅಗ್ಗ, ಎಲ್ಲೆಲ್ಲೂ ಸಿಗುತ್ತದೆ, ಆದರೆ ನಾರು ಗಿಡ್ಡ. ಪುಡಿ ಉದುರುತ್ತಲೇ ಇರುತ್ತದೆ, ದಿನವೂ ಗುಡಿಸಬೇಕು. ಮನೆಯಲ್ಲಿ ದಮ್ಮು, ಧೂಳಿನ ಅಲರ್ಜಿ ಇರುವವರು ಅದನ್ನು ಬಿಡುವುದೇ ವಾಸಿ. ನೈಲಾನ್ ಹಗ್ಗ ಬೇಡವೇ ಬೇಡ, ಉಗುರು ಜಾರುತ್ತದೆ.

ಲೆಕ್ಕ ಹೀಗೆ. 9 ಸೆಂ.ಮೀ. ದಪ್ಪದ ಗಳಕ್ಕೆ 8 ಮಿ.ಮೀ. ಹಗ್ಗ ಸುತ್ತಿದರೆ ಒಂದು ಸುತ್ತಿಗೆ ಸುಮಾರು 31 ಸೆಂ.ಮೀ. ಬೇಕು. 80 ಸೆಂ.ಮೀ. ಎತ್ತರಕ್ಕೆ ನೂರು ಸುತ್ತು, ಅಂದರೆ 31 ಮೀಟರ್. ಪಿವಿಸಿ ಪೈಪಿಗಾದರೆ 37 ಮೀಟರ್. ಎರಡು ಮೂರು ಮೀಟರ್ ಹೆಚ್ಚೇ ತನ್ನಿ. ಬುಡದಲ್ಲಿ ಹಗ್ಗದ ತುದಿಯನ್ನು ಸ್ಕ್ರೂ, ವಾಷರ್ ಹಾಕಿ ಬಿಗಿದು, ಪ್ರತಿ ಹತ್ತು ಸುತ್ತಿಗೊಮ್ಮೆ ಮರಗೆಲಸದ ಬಿಳಿ ಗೋಂದು ಸವರಿ, ಸುತ್ತಿಗೆಯಿಂದ ಮೆಲ್ಲಗೆ ಕೆಳಕ್ಕೆ ಬಡಿಯುತ್ತ ಹೋಗಬೇಕು. ಸುತ್ತುಗಳ ನಡುವೆ ಕಿಂಡಿ ಬಿಟ್ಟರೆ ಉಗುರು ಸಿಕ್ಕಿಕೊಳ್ಳುತ್ತದೆ. ಮೊಳೆ, ಸ್ಟೇಪಲ್ ಪಿನ್ನುಗಳನ್ನು ಹಗ್ಗದ ಮೇಲೆ ಹೊಡೆಯಬೇಡಿ. ಹಗ್ಗ ಸವೆದ ದಿನ ಅವು ಅಂಗಾಲಿಗೆ ಚುಚ್ಚುತ್ತವೆ.

ಗೋಣಿಯನ್ನು ಬಹಳ ಬೆಕ್ಕುಗಳು ಮೆಚ್ಚುತ್ತವೆ, ನೇಯ್ಗೆ ಸೋಫಾ ಬಟ್ಟೆಯನ್ನು ಹೋಲುತ್ತದಲ್ಲ. ಸೆಣಬು ನೂಲುವಾಗ ಖನಿಜ ತೈಲ ಹಾಕುತ್ತಾರೆ, ಹೊಸ ಗೋಣಿಯ ಆ ವಾಸನೆ ಬೆಕ್ಕಿಗೆ ಹಿಡಿಸುವುದಿಲ್ಲ. ಅಕ್ಕಿಯದೋ ಕಾಫಿಯದೋ ಹಳೆಯ ಚೀಲ ತಂದು ಒಗೆದು ಬಿಸಿಲಿಗೆ ಹಾಕಿ. ಗೊಬ್ಬರ, ಔಷಧಿ ತುಂಬಿದ್ದ ಚೀಲಗಳ ಹತ್ತಿರವೂ ಹೋಗಬೇಡಿ. ಎರಡು ಮೂರು ಪದರ ಮಡಿಸಿ ಬಿಗಿಯಾಗಿ ಹೊದಿಸಿದರೆ ಸಾಕು.

ಕೆಂಚನಿಗೆ ಕಂಬವೇ ಬೇಡ. ಅವನು ಮೊದಲಿನಿಂದಲೂ ಬಾಗಿಲ ಮುಂದಿನ ನಾರಿನ ಕಾಲೊರಸಿನ ಮೇಲೆ ಮೈಚಾಚಿ ಪರಚುವವನು. ಅವನಿಗೆ ರಟ್ಟಿನ ಹಲಗೆ ಮಾಡಿದೆ. ಪಾರ್ಸೆಲ್ ಡಬ್ಬಿಗಳನ್ನು 6 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಅಲೆಅಲೆಯಾದ ಅಂಚು ಮೇಲೆ ಬರುವಂತೆ ನಿಲ್ಲಿಸಿ, ಒಂದಕ್ಕೊಂದು ಅಂಟಿಸಿ, ಮರದ ಚೌಕಟ್ಟಿನೊಳಗೆ ಬಿಗಿಯಾಗಿ ಕೂರಿಸುವುದು. ಉದ್ದ ಬೆಕ್ಕಿನ ಮೈಯುದ್ದಕ್ಕಿಂತ ಹೆಚ್ಚಿರಲಿ, ಅದು ತಾನೇ ಹತ್ತಿ ನಿಂತು ಪರಚುವಂತಿದ್ದರೆ ಹಲಗೆ ಜಾರುವುದಿಲ್ಲ. ಮೈದಾ ಅಂಟು ಬಳಸಿದರೆ ಜಿರಳೆ, ಇರುವೆ ಬರುತ್ತವೆ, ಬಿಳಿ ಗೋಂದೇ ಸರಿ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇರುವವರಿಗೆ ಒಂದು ಮಾತು: ಮಳೆಗಾಲದಲ್ಲಿ ರಟ್ಟು ತೇವ ಎಳೆದುಕೊಂಡು ಬೂಷ್ಟು ಹಿಡಿಯುತ್ತದೆ. ಅಲ್ಲಿ ಹಗ್ಗ ಬಿಗಿದ ಮರದ ಹಲಗೆಯೇ ಹೆಚ್ಚು ದಿನ ಬಾಳುತ್ತದೆ.

ಚುಕ್ಕಿಗೆ ವಯಸ್ಸಾಗಿದೆ. ಸಂಧಿನೋವಿರುವ ಬೆಕ್ಕು ಎದ್ದು ನಿಂತು ಎಳೆಯಲಾರದು. ‘ಈಗೀಗ ಪರಚುವುದನ್ನೇ ಬಿಟ್ಟಿದೆ, ಒಳ್ಳೆಯದಾಯಿತು’ ಎಂದು ಯಾರಾದರೂ ಅಂದರೆ ನಾನು ಪಶುವೈದ್ಯರಿಗೆ ತೋರಿಸಿ ಅನ್ನುತ್ತೇನೆ. ಉಗುರು ಸವೆಯದೆ ಬಳುಕಿ ಅಂಗಾಲಿನ ಮೆತ್ತೆಗೇ ಚುಚ್ಚಿಕೊಳ್ಳುವುದುಂಟು. ಚುಕ್ಕಿ ಮಲಗುವ ಜಾಗದ ಪಕ್ಕದಲ್ಲೇ ಗೋಣಿ ಹೊದಿಸಿದ ತಗ್ಗು ಇಳಿಜಾರಿನ ಹಲಗೆ ಇಟ್ಟಿದ್ದೇನೆ. ಅವಳ ಉಗುರನ್ನು ಎರಡು ಮೂರು ವಾರಕ್ಕೊಮ್ಮೆ ನಾನೇ ತುದಿ ಕತ್ತರಿಸುತ್ತೇನೆ, ಒಳಗಿನ ಗುಲಾಬಿ ಬಣ್ಣದ ಜೀವಭಾಗ ಮುಟ್ಟದಂತೆ.

ಇನ್ನು ಎಲ್ಲಿಡಬೇಕು ಎಂಬುದು. ಮನೆಯ ಅಂದಕ್ಕೆ ಅಡ್ಡಿಯೆಂದು ಪೋಸ್ಟನ್ನು ಬಾಲ್ಕನಿಗೋ ಯುಟಿಲಿಟಿಗೋ ಸಾಗಿಸಿದರೆ ಬೆಕ್ಕು ಅಲ್ಲಿಗೆ ಹೋಗುವುದಿಲ್ಲ. ನಿದ್ದೆಯಿಂದೆದ್ದ ಕೂಡಲೇ ಅದಕ್ಕೆ ಪರಚಬೇಕು, ನೀವು ಹೊರಗಿನಿಂದ ಬಂದಾಗ ಖುಷಿಯಲ್ಲಿ ಪರಚಬೇಕು. ಹಾಗಾಗಿ ಮಲಗುವ ಜಾಗದ ಹತ್ತಿರ ಒಂದು, ಮುಂಬಾಗಿಲಿನಿಂದ ಹಜಾರಕ್ಕೆ ಬರುವ ದಾರಿಯಲ್ಲಿ ಒಂದು ಇರಲಿ. ಸೋಫಾ ಈಗಾಗಲೇ ಹರಿಯುತ್ತಿದ್ದರೆ ಹೊಸ ಕಂಬವನ್ನು ಆ ಮೂಲೆಗೆ ತಾಗಿಸಿಯೇ ನಿಲ್ಲಿಸಿ, ಸೋಫಾದ ಮೂಲೆಗೆ ದಪ್ಪ ಪ್ಲಾಸ್ಟಿಕ್ ಹಾಳೆಯೋ ಎರಡು ಬದಿ ಅಂಟುವ ಟೇಪೋ ಹಚ್ಚಿ. ಬೆಕ್ಕು ಕಂಬವನ್ನು ತನ್ನದೆಂದು ಒಪ್ಪಿಕೊಂಡ ಮೇಲೆ ಬೇಕಾದರೆ ದಿನಕ್ಕೆ ನಾಲ್ಕು ಬೆರಳಿನಷ್ಟು ಸರಿಸುತ್ತ ಹೋಗಬಹುದು. ನಾನಂತೂ ಸರಿಸಲಿಲ್ಲ. ಗುಂಡನ ಕಂಬ ಹಜಾರದ ನಡುವಿನಲ್ಲೇ ಇದೆ, ಬಂದವರೆಲ್ಲ ನೋಡುತ್ತಾರೆ, ನೋಡಲಿ.

ಮುಂಗಾಲು ಹಿಡಿದು ಕಂಬಕ್ಕೆ ಉಜ್ಜಿಸಿ ‘ಕಲಿಸಲು’ ಹೋಗಬೇಡಿ. ಬಲವಂತವಾದರೆ ಆ ಕಂಬದ ಮೇಲೇ ಅಸಹ್ಯ ಬೆಳೆಯುತ್ತದೆ. ಹಕ್ಕಿಗರಿ ಕಟ್ಟಿದ ಕೋಲನ್ನು ಹಗ್ಗದ ಮೇಲೆ ಆಡಿಸಿದರೆ ಹಿಡಿಯುವ ಭರದಲ್ಲಿ ಉಗುರು ತಾನಾಗಿ ನಾಟುತ್ತದೆ, ಆ ಹೊತ್ತಿಗೆ ಒಂದು ತುಣುಕು ಬೇಯಿಸಿದ ಕೋಳಿ ಕೊಡಿ. ವಾಸನೆಯಿಂದ ಬೆಕ್ಕುಗಳನ್ನು ಸೆಳೆಯುವ ಕ್ಯಾಟ್‌ನಿಪ್ ಎಂಬ ಗಿಡದ ಸೊಪ್ಪು ಎಲ್ಲ ಬೆಕ್ಕುಗಳಿಗೂ ಹಿಡಿಸುವುದಿಲ್ಲ, ಎಳೆಯ ಮರಿಗಳಿಗೆ ನಾಟುವುದೇ ಇಲ್ಲ. ನಮ್ಮಲ್ಲಿ ರಸ್ತೆಬದಿಯಲ್ಲೇ ಬೆಳೆಯುವ ಕುಪ್ಪಿಗಿಡದ ಬೇರಿಗೂ ಬೆಕ್ಕುಗಳನ್ನು ಸೆಳೆಯುವ ಗುಣವಿದೆ. ಆಗತಾನೇ ಕಿತ್ತ ಬೇರನ್ನು ತೊಳೆದು ಹಗ್ಗಕ್ಕೆ ಉಜ್ಜಿದ ದಿನ ಗುಂಡ, ಕೆಂಚ ಇಬ್ಬರೂ ಕಂಬಕ್ಕೆ ಕೆನ್ನೆ ತಿಕ್ಕುತ್ತ ಬಿಟ್ಟು ಕದಲಲಿಲ್ಲ. ಗಿಡದಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ತಿನ್ನಲು ಕೊಡಬಾರದು, ಉಜ್ಜಿ ಎಸೆದುಬಿಡಬೇಕು. ಸೋಫಾದಿಂದ ದೂರ ಓಡಿಸಲು ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಸಿಂಪಡಿಸುವವರಿದ್ದಾರೆ. ದಯವಿಟ್ಟು ಬೇಡ. ಇವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ, ಮೈಗೆ ಹತ್ತಿದ್ದನ್ನು ನೆಕ್ಕಿಕೊಂಡರೆ ವಿಷವಾಗುತ್ತದೆ.

ಉಗುರನ್ನೇ ತೆಗೆಸಬಹುದಲ್ಲ ಎಂದು ಕೇಳುವವರೂ ಇದ್ದಾರೆ. ಆ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯುವುದು ಬರೀ ಉಗುರಲ್ಲ, ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುತ್ತಾರೆ. ಪ್ರಾಣಿಯ ಅಂಗಚ್ಛೇದ ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಈ ಶಸ್ತ್ರಚಿಕಿತ್ಸೆಯನ್ನೇ ನಿಷೇಧಿಸಿತು. ಒಂದು ಸೋಫಾ ಉಳಿಸಲು ಬೆಕ್ಕಿನ ಹತ್ತು ಬೆರಳು ಮೊಟಕಾಗಬೇಕೇ?

ಕಂಬ ಚಿಂದಿಯಾಗಿ ಕಾಣತೊಡಗಿದಾಗ ಎಸೆಯುವ ಮನಸ್ಸಾಗುತ್ತದೆ. ಬೆಕ್ಕಿನ ಪಾಲಿಗೆ ಅದು ಆಗಲೇ ಪಕ್ವಕ್ಕೆ ಬಂದಿರುವುದು: ಗೀರು ತುಂಬಿದೆ, ವಾಸನೆ ಕೂತಿದೆ, ನಾರು ಸಡಿಲಾಗಿ ಉಗುರಿಗೆ ಒಗ್ಗಿದೆ. ಸವೆದು ಒಳಗಿನ ಮರ ಕಾಣುವ ಭಾಗಕ್ಕಷ್ಟೇ ನಾನು ಹೊಸ ಹಗ್ಗ ಸುತ್ತಿ, ಉಳಿದದ್ದನ್ನು ಹಾಗೇ ಬಿಡುತ್ತೇನೆ. ಮನೆ ಬದಲಿಸುವಾಗಲೂ ಹಳೆಯ ಕಂಬವನ್ನು ತೊಳೆಯದೆ, ಒರೆಸದೆ ಹೊಸ ಮನೆಗೆ ಒಯ್ದು, ಬೆಕ್ಕುಗಳನ್ನು ಬುಟ್ಟಿಯಿಂದ ಬಿಡುವ ಮೊದಲೇ ಅವು ಇರಬೇಕಾದ ಕೋಣೆಯಲ್ಲಿ ನಿಲ್ಲಿಸಿ.