ಒತ್ತೋ ಮೊದಲು ಕೇಳಿ: ಸ್ಕ್ರೀನ್ ರೀಡರ್ ಜೊತೆ ನನ್ನ ಅನುಭವ

ನನಗೆ ಕಣ್ಣು ಸರಿಯಾಗಿ ಕಾಣೋದಿಲ್ಲ. ಪರದೆ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎನ್ನುವ ತಂತ್ರಾಂಶದ ಜೊತೆ, ಮೌಸ್ ಇಲ್ಲದೆ ಕೀಬೋರ್ಡಿನಿಂದಲೇ ಕಂಪ್ಯೂಟರ್ ಬಳಸುತ್ತೇನೆ. 2013ರಲ್ಲಿ ಒಂದು ಕೆಲಸಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದೆ. ಯಾರ ಸಹಾಯವೂ ಇಲ್ಲದೆ ನಾನೇ ತುಂಬಿದ ಮೊದಲ ಅರ್ಜಿ ಅದು. ಟ್ಯಾಬ್ ಒತ್ತಿದರೆ ಹೆಸರು, ಮತ್ತೆ ಒತ್ತಿದರೆ ತಂದೆಯ ಹೆಸರು, ಮತ್ತೆ ಒತ್ತಿದರೆ ವಿಳಾಸ. ಹೀಗೇ ಒಂದೊಂದೇ ಟೈಪ್ ಮಾಡುತ್ತಾ ಕೊನೆಯ ಬಟನ್‌ವರೆಗೂ ಹೋದೆ, ಎಂಟರ್ ಒತ್ತಿದೆ, ಅಮ್ಮನಿಗೆ ಹೇಳಿದೆ, ಆ ದಿನ ಮನೆಯಲ್ಲಿ ಪಾಯಸ. ಒಂದೂವರೆ ತಿಂಗಳಾದ ಮೇಲೆ ಅರ್ಜಿ ತಿರಸ್ಕಾರ ಆಗಿದೆ ಅಂತ ಗೊತ್ತಾಯಿತು. ತಮ್ಮ ಅದೇ ಪುಟ ತೆಗೆದು ಓದಿ ಹೇಳಿದ. ಪ್ರಮಾಣಪತ್ರ ಹಾಕುವ ಜಾಗದ ಮೇಲೆ ಒಂದು ಸಾಲು ಇತ್ತಂತೆ, ಎರಡೂ ಬದಿ ಸ್ಕ್ಯಾನ್ ಮಾಡಿ ಒಂದೇ ಫೈಲ್ ಹಾಕಬೇಕು ಅಂತ. ನಾನು ಒಂದೇ ಬದಿ ಹಾಕಿದ್ದೆ.

ಆ ಸಾಲು ನನಗೆ ಕೇಳಿಸಲೇ ಇಲ್ಲ. ಯಾಕೆಂದರೆ ಟ್ಯಾಬ್ ಕೀ ಲಿಂಕು, ಬಟನ್ನು, ತುಂಬುವ ಬಾಕ್ಸು ಇವುಗಳ ಮೇಲೆ ಮಾತ್ರ ನಿಲ್ಲುತ್ತದೆ. ಮಧ್ಯೆ ಸುಮ್ನೆ ಬರೆದಿರುವ ಮಾತಿನ ಹತ್ತಿರ ನಿಲ್ಲೋದೇ ಇಲ್ಲ. ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ, ನಡುವೆ ಯಾವ ಊರು ಬಂತು ಹೋಯಿತು ಅಂತ ಒಳಗೆ ಕೂತವರಿಗೆ ಗೊತ್ತಾಗೋದಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಈಗ ಕಲಿಯುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ನನಗೆ ಇರುವುದು ರೆಟಿನೈಟಿಸ್ ಪಿಗ್ಮೆಂಟೋಸಾ, ಕಣ್ಣಿನ ಒಳಪರದೆ ನಿಧಾನವಾಗಿ ಹಾಳಾಗುತ್ತಾ ಹೋಗುವ ಕಾಯಿಲೆ. ಮೊದಲು ರಾತ್ರಿ ಕಾಣೋದು ಹೋಯಿತು, ಆಮೇಲೆ ಪಕ್ಕದ್ದು ಕಾಣೋದು ಹೋಯಿತು, ಡಿಗ್ರಿ ಮುಗಿಯುವ ಹೊತ್ತಿಗೆ ಮೌಸಿನ ಬಾಣ ಪರದೆ ಮೇಲೆ ಎಲ್ಲಿದೆ ಅಂತ ಹುಡುಕೋದೇ ಅರ್ಧ ಗಂಟೆಯ ಕೆಲಸ ಆಗಿತ್ತು. ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ತರಬೇತಿಗೆ ಸೇರಿದೆ. ಅಲ್ಲಿ ಇದ್ದದ್ದು ಜಾಸ್ ಎನ್ನುವ ಸ್ಕ್ರೀನ್ ರೀಡರ್. ಅದು ದುಡ್ಡು ಕೊಟ್ಟು ಕೊಳ್ಳಬೇಕಾದದ್ದು. ಕೊಳ್ಳದೆ ಬಳಸಿದರೆ 40 ನಿಮಿಷ ಮಾತಾಡಿ ನಿಲ್ಲುತ್ತದೆ, ಕಂಪ್ಯೂಟರ್ ಮತ್ತೆ ಶುರು ಮಾಡಬೇಕು. ಮನೆಯಲ್ಲಿ ಎಷ್ಟೋ ದಿನ ಹಾಗೇ 40 ನಿಮಿಷಕ್ಕೊಮ್ಮೆ ಎಬ್ಬಿಸಿ ಎಬ್ಬಿಸಿ ಅಭ್ಯಾಸ ಮಾಡಿದೆ. ಆಮೇಲೆ ಎನ್‌ವಿಡಿಎ ಎನ್ನುವ ಇನ್ನೊಂದು ಸ್ಕ್ರೀನ್ ರೀಡರ್ ಸಿಕ್ಕಿತು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅದನ್ನು ಶುರು ಮಾಡಿದರು, ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣೋದಿಲ್ಲ. ಅದು ಪೂರ್ತಿ ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ನನ್ನಂಥವರ ಕೈಗೆ ದುಡಿಮೆ ಕೊಟ್ಟಿದ್ದು ಅದೇ. ಆ ಋಣ ನನಗೆ ದೊಡ್ಡದು.

ತರಬೇತಿಯಲ್ಲಿ ನಮಗೆ ಒಂದು ಪಟ್ಟಿ ಕೊಟ್ಟಿದ್ದರು. ಎಪ್ಪತ್ತೋ ಎಂಬತ್ತೋ ಕಮಾಂಡು. ಮಗ್ಗಿ ಕಲಿತ ಹಾಗೆ ಬಾಯಿಪಾಠ ಮಾಡಿದೆವು. ಆದರೆ ಅರ್ಜಿಯ ಪುಟದಲ್ಲಿ ಅದು ಯಾವುದೂ ನೆನಪಿಗೆ ಬರಲಿಲ್ಲ, ನೆನಪಿದ್ದದ್ದು ಟ್ಯಾಬ್ ಒಂದೇ. ಈಗ ಯೋಚಿಸಿದರೆ ಗೊತ್ತಾಗುತ್ತದೆ, ನಾವು ಕಲಿತದ್ದೆಲ್ಲ ಮುಂದೆ ಹೋಗುವ ಕಮಾಂಡು. ಕೇಳುವ ಕಮಾಂಡು ಒಂದನ್ನೂ ಕೈಗೆ ಹತ್ತಿಸಿಕೊಂಡಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಾನು ಸುಮ್ನೆ ಮುಂದೆ ಹೋಗೋದಿಲ್ಲ ಅಲ್ವಾ? 'ಇದು ಎಷ್ಟನೇ ಪ್ಲಾಟ್‌ಫಾರ್ಮು, ಈ ಬಸ್ಸು ಯಾವ ಕಡೆಗೆ' ಅಂತ ಕೇಳುತ್ತೇನೆ, ಆಮೇಲೆ ಹೆಜ್ಜೆ. ಕಂಪ್ಯೂಟರಿನಲ್ಲೂ ಅಷ್ಟೇ. ಕಣ್ಣಿದ್ದವರು ಒಂದು ಸಲ ನೋಡಿ ತಿಳಿದುಕೊಳ್ಳೋದನ್ನು ನಾವು ಕೀ ಒತ್ತಿ ಕೇಳಬೇಕು.

ಎನ್‌ವಿಡಿಎಗೆ ಒಂದು ಸ್ವಂತ ಕೀ ಇರುತ್ತದೆ. ಸಾಮಾನ್ಯವಾಗಿ ಇನ್ಸರ್ಟ್, ಬೇಕಾದರೆ ಕ್ಯಾಪ್ಸ್ ಲಾಕನ್ನೂ ಮಾಡಿಕೊಳ್ಳಬಹುದು. ಅದನ್ನು ಒತ್ತಿ ಹಿಡಿದು ಟಿ ಒತ್ತಿದರೆ ಯಾವ ಕಿಟಕಿಯಲ್ಲಿ ಇದ್ದೇನೆ ಅಂತ ಹೇಳುತ್ತದೆ. ಹಾಗೇ ಹಿಡಿದುಕೊಂಡು ಟ್ಯಾಬ್ ಒತ್ತಿದರೆ ಈಗ ಯಾವುದರ ಮೇಲೆ ನಿಂತಿದ್ದೇನೆ ಅಂತ ಹೇಳುತ್ತದೆ. ಮೇಲಿನ ಬಾಣ ಒತ್ತಿದರೆ ನಾನಿರುವ ಸಾಲು ಓದುತ್ತದೆ, ಲ್ಯಾಪ್‌ಟಾಪ್ ಲೇಔಟಿನಲ್ಲಾದರೆ ಎಲ್. ಬಿ ಒತ್ತಿದರೆ ಎದುರು ಬಂದು ನಿಂತಿರುವ ಡೈಲಾಗ್ ಬಾಕ್ಸಿನಲ್ಲಿ ಏನೇನಿದೆಯೋ ಎಲ್ಲ ಓದುತ್ತದೆ. ಎಫ್12 ಒತ್ತಿದರೆ ಸಮಯ. ಈ ಐದು ನನ್ನ ಬೆರಳಿಗೆ ಉಸಿರಾಟದಷ್ಟು ಸಹಜ ಆಗಿದ್ದು ಒಂದು ವರ್ಷ ಆದ ಮೇಲೆ. ಅಲ್ಲಿಂದ ಆಚೆಗೇ ನನಗೆ ಕಂಪ್ಯೂಟರಿನ ಭಯ ಹೋಯಿತು. ಇದರಲ್ಲಿ ಹೆಚ್ಚಿನವು ಜಾಸ್‌ನಲ್ಲೂ ಹೀಗೇ ಇವೆ, ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ವ್ಯರ್ಥ ಆಗೋದಿಲ್ಲ.

ಇನ್ನು ಕಂಟ್ರೋಲ್ ಕೀ. ಅದನ್ನೊಂದೇ ಒತ್ತಿದರೆ ಮಾತು ನಿಲ್ಲುತ್ತದೆ. ಶಿಫ್ಟ್ ಒತ್ತಿದರೆ ತಡೆದು ನಿಂತು, ಮತ್ತೆ ಒತ್ತಿದರೆ ಅಲ್ಲಿಂದಲೇ ಮುಂದುವರಿಯುತ್ತದೆ. ದಿನಕ್ಕೆ ನಾನು ಅತಿ ಜಾಸ್ತಿ ಒತ್ತುವ ಕೀ ಇದೇ ಕಂಟ್ರೋಲ್. ಹೊಸಬರು ಯಂತ್ರ ಹೇಳೋದನ್ನೆಲ್ಲ ಮರ್ಯಾದೆಯಿಂದ ಕೊನೆಯವರೆಗೆ ಕೇಳುತ್ತಾ ಕೂರುತ್ತಾರೆ. ಬೇಡ. ಬೇಕಾದ ಪದ ಕಿವಿಗೆ ಬಿದ್ದ ತಕ್ಷಣ ನಿಲ್ಲಿಸಿ, ಮುಂದಿನ ಕೀ ಒತ್ತಿ.

ವೆಬ್ ಪುಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಎರಡು ಸ್ಥಿತಿ ಇರುತ್ತವೆ, ಬ್ರೌಸ್ ಮೋಡ್ ಮತ್ತು ಫೋಕಸ್ ಮೋಡ್. ಬ್ರೌಸ್ ಮೋಡ್‌ನಲ್ಲಿ ಅಕ್ಷರದ ಕೀಗಳು ಬರೆಯೋದಕ್ಕಲ್ಲ, ಓಡಾಡೋದಕ್ಕೆ. ಎಚ್ ಒತ್ತಿದರೆ ಮುಂದಿನ ತಲೆಬರಹ, ಕೆ ಒತ್ತಿದರೆ ಲಿಂಕು, ಬಿ ಬಟನ್ನು, ಇ ಬರೆಯುವ ಬಾಕ್ಸು, ಟಿ ಟೇಬಲ್ಲು. ಶಿಫ್ಟ್ ಸೇರಿಸಿದರೆ ಹಿಂದಕ್ಕೆ. ಫೋಕಸ್ ಮೋಡ್‌ನಲ್ಲಿ ಅದೇ ಕೀಗಳು ಅಕ್ಷರ ಬರೆಯುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋದಾಗ ಬೇರೆ ಬೇರೆ ಸದ್ದು ಬರುತ್ತದೆ, ಆ ಸದ್ದಿಗೆ ಕಿವಿ ಕೊಡಬೇಕು. ಕೊಡದಿದ್ದರೆ ಹೆಸರಿನ ಜಾಗದಲ್ಲಿ ಎಚ್ ಒತ್ತಿದ್ದೇ ತಡ ಪುಟದ ಇನ್ನೆಲ್ಲೋ ಒಂದು ತಲೆಬರಹಕ್ಕೆ ಹೋಗಿ ಬೀಳುತ್ತೀರಿ. ಕೈಯಿಂದಲೇ ಬದಲಾಯಿಸಲು ಎನ್‌ವಿಡಿಎ ಕೀ ಜೊತೆ ಸ್ಪೇಸ್.

ಸುದ್ದಿ ಓದಲು ಎಚ್ ಸಾಕು, ತಲೆಬರಹದಿಂದ ತಲೆಬರಹಕ್ಕೆ ಹಾರಿ ಬೇಕಾದಲ್ಲಿ ನಿಂತರೆ ಆಯಿತು. ದೊಡ್ಡ ಪುಟದಲ್ಲಿ ಒಂದೇ ಲಿಂಕ್ ಹುಡುಕಬೇಕಾದರೆ ಎನ್‌ವಿಡಿಎ ಕೀ ಮತ್ತು ಎಫ್7, ಆಗ ಎಲ್ಲ ಲಿಂಕುಗಳ ಪಟ್ಟಿ ಬರುತ್ತದೆ, ಎರಡು ಮೂರು ಅಕ್ಷರ ಬರೆದರೆ ಸಿಗುತ್ತದೆ. ಆದರೆ ಅರ್ಜಿ, ಬ್ಯಾಂಕಿನ ಪುಟ, ಪರೀಕ್ಷೆಯ ಪುಟ ಇಂಥ ಕಡೆ ನಾನು ಯಾವ ಹಾರುವ ಕೀಯನ್ನೂ ನಂಬೋದಿಲ್ಲ. ಮೊದಲ ಸಲ ಕಂಟ್ರೋಲ್ ಹೋಮ್ ಒತ್ತಿ ಮೇಲಕ್ಕೆ ಹೋಗುತ್ತೇನೆ, ಕೆಳಗಿನ ಬಾಣ ಒತ್ತುತ್ತಾ ಸಾಲು ಸಾಲಾಗಿ ಕೊನೆಯವರೆಗೂ ಕೇಳುತ್ತೇನೆ, ಏನನ್ನೂ ತುಂಬೋದಿಲ್ಲ. ಎರಡನೇ ಸಲ ತುಂಬುತ್ತೇನೆ. ಹೊತ್ತು ಜಾಸ್ತಿ ಹಿಡಿಯುತ್ತದೆ. ಆದರೂ ನನ್ನ ಮಟ್ಟಿಗೆ ಇದು ಬಿಡಲಾಗದ ನಿಯಮ.

ಕೀಬೋರ್ಡಿನಿಂದ ಆಗದ ಪುಟಗಳೂ ಇವೆ. ಒತ್ತುತ್ತಿರುವುದು ಯಂತ್ರವಲ್ಲ, ಮನುಷ್ಯ ಅಂತ ತೋರಿಸಲು ಕೊಡುವ ಪರೀಕ್ಷೆಗೆ ಕ್ಯಾಪ್ಚಾ ಅನ್ನುತ್ತಾರೆ. ಬರೀ ಚಿತ್ರದ ಕ್ಯಾಪ್ಚಾ ಇದ್ದು ಕೇಳುವ ಕ್ಯಾಪ್ಚಾ ಇಲ್ಲದಿದ್ದರೆ ನಾವು ಅಲ್ಲೇ ನಿಂತುಬಿಡುತ್ತೇವೆ. ಹುಟ್ಟಿದ ದಿನಾಂಕ ಟೈಪ್ ಮಾಡಲು ಬಿಡದೆ ಮೌಸಿನಿಂದಲೇ ಕ್ಯಾಲೆಂಡರ್ ಒತ್ತಿಸುವ ಪುಟ, ಹೆಸರಿಲ್ಲದೆ ಬರೀ 'ಬಟನ್, ಬಟನ್, ಬಟನ್' ಅಂತ ಓದಿಸುವ ಪುಟ, ಇವೆಲ್ಲ ಇಂದಿಗೂ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಸೇವೆ ನಮಗೂ ಸಿಗಬೇಕು ಅನ್ನುತ್ತದೆ. ಪುಟ ಮಾಡುವವರು ಒಂದು ಸಲ ಮೌಸ್ ಪಕ್ಕಕ್ಕಿಟ್ಟು ತಮ್ಮದೇ ಅರ್ಜಿ ತುಂಬಿ ನೋಡಿದರೆ ಎಲ್ಲವೂ ಗೊತ್ತಾಗುತ್ತದೆ. ದಯವಿಟ್ಟು ನೋಡಿ.

ಈಗ ಕನ್ನಡದ ಮಾತು. ನನ್ನ ಕೆಲಸವೇ ಕನ್ನಡದ ಪತ್ರ ತಯಾರು ಮಾಡೋದು. ಎನ್‌ವಿಡಿಎ ಜೊತೆಗೇ ಬರುವ ಇ-ಸ್ಪೀಕ್ ಧ್ವನಿಯಲ್ಲಿ ಕನ್ನಡವೂ ಇದೆ. ತಗಡಿನಂಥ ದನಿ. ಆದರೆ ವೇಗ ಎಷ್ಟೇ ಏರಿಸಿದರೂ ಅಕ್ಷರ ಕಲಸಿಹೋಗೋದಿಲ್ಲ, ಅದಕ್ಕೇ ನಾನು ಅದನ್ನು ಬಿಟ್ಟಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಹಳೆಯ ಪತ್ರದ ಫೈಲ್ ತೆರೆದೆ. ಪಕ್ಕದ ಟೇಬಲಿನ ಮೇಡಂ ಪರದೆ ನೋಡಿ 'ಚೆನ್ನಾಗೇ ಕಾಣ್ತಿದೆಯಲ್ಲ, ಅಚ್ಚ ಕನ್ನಡ' ಅಂದರು. ನನ್ನ ಕಿವಿಗೆ ಬರುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ಇನ್ನೂ ಏನೇನೋ. ಇಬ್ಬರೂ ಹೇಳಿದ್ದು ನಿಜವೇ. ಎನ್‌ವಿಡಿಎ ಕೀ ಮತ್ತು ಎಫ್ ಒತ್ತಿದೆ. ಅದು ಅಕ್ಷರದ ಫಾಂಟ್ ಹೇಳುವ ಕಮಾಂಡು. 'ನುಡಿ 01 ಇ' ಅಂದಿತು, ಅದು ಹಳೆಯ ಕನ್ನಡ ಫಾಂಟೊಂದರ ಹೆಸರು. ಅಲ್ಲಿಗೆ ಗುಟ್ಟು ಬಯಲಾಯಿತು.

ಆ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ಕನ್ನಡವನ್ನಲ್ಲ. 'ಕನ್ನಡ' ಅಂತ ಬರೆದರೆ ಕ ಇರಬೇಕಾದಲ್ಲಿ ಇಂಗ್ಲಿಷಿನ ಪಿ ಇರುತ್ತದೆ, ನ ಇರಬೇಕಾದಲ್ಲಿ ಪೌಂಡ್ ಚಿಹ್ನೆ, ಡ ಇರಬೇಕಾದಲ್ಲಿ ಕ್ಯೂ. ಫಾಂಟ್ ಅದರ ಮೇಲೆ ಕನ್ನಡದ ಚಿತ್ರ ತೋರಿಸುತ್ತದೆ ಅಷ್ಟೇ. ಸ್ಕ್ರೀನ್ ರೀಡರಿಗೆ ಚಿತ್ರ ಕಾಣೋದಿಲ್ಲ, ಒಳಗೆ ಇರುವುದನ್ನೇ ಓದುತ್ತದೆ. ಅನುಮಾನ ಬಂದರೆ ಪರೀಕ್ಷೆ ಮಾಡುವ ದಾರಿ ಇದೆ. ಅಕ್ಷರದ ಮೇಲೆ ನಿಂತು ನಂಬರ್ ಪ್ಯಾಡಿನ 2ನ್ನು ಬೇಗ ಬೇಗ ಮೂರು ಸಲ ಒತ್ತಿ, ಆ ಅಕ್ಷರದ ಸಂಖ್ಯೆ ಹೇಳುತ್ತದೆ. ನಿಜವಾದ ಕ ಆದರೆ 3221. ವೇಷ ಹಾಕಿದ ಪಿ ಆದರೆ 80. ಅಂಥ ಫೈಲುಗಳನ್ನು ನಾನು ಮೊದಲು ಯೂನಿಕೋಡಿಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಇರುವ ವ್ಯವಸ್ಥೆಗೆ, ಬದಲಾಯಿಸಿಕೊಂಡು ಆಮೇಲೆ ಓದುತ್ತೇನೆ. ಹೊಸದಾಗಿ ಬರೆಯುವವರು ಯೂನಿಕೋಡಿನಲ್ಲೇ ಬರೆಯಲಿ ಅಂತ ಆಫೀಸಿನಲ್ಲಿ ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ, ಈಗ ಅರ್ಧದಷ್ಟು ಜನ ಹಾಗೇ ಮಾಡುತ್ತಾರೆ.

ಕಿವಿಗೆ ಮೋಸ ಆಗುವ ಜಾಗವೂ ಇದೆ. ಶ ಮತ್ತು ಷ ವೇಗದಲ್ಲಿ ಒಂದೇ ಥರ ಕೇಳಿಸುತ್ತವೆ. ಹೆಸರು ಬರೆದಾಗಲೆಲ್ಲ ನಂಬರ್ ಪ್ಯಾಡಿನ 5ನ್ನು ಎರಡು ಸಲ ಒತ್ತಿ ಬಿಡಿ ಬಿಡಿಯಾಗಿ ಓದಿಸಿಕೊಳ್ಳುತ್ತೇನೆ. ಆದರೆ ಕಣ್ಣಿಗೆ ಮೋಸ ಆಗಿ ಕಿವಿಗೆ ಸಿಕ್ಕಿಬೀಳುವುದೂ ಒಂದಿದೆ. 'ಕಂಪ್ಯೂಟರ್' ಬರೆಯುವಾಗ ಎಷ್ಟೋ ಜನ ಅನುಸ್ವಾರದ ಬದಲು ಕನ್ನಡದ ಸೊನ್ನೆ ಹಾಕುತ್ತಾರೆ. ನೋಡಲು ಎರಡೂ ಒಂದೇ. ನನಗೆ ಪದದ ನಡುವೆ 'ಸೊನ್ನೆ' ಅಂತ ಕೇಳಿಸುತ್ತದೆ. ನಮ್ಮ ಆಫೀಸಿನ ಒಂದು ಸುತ್ತೋಲೆಯಲ್ಲಿ ಹೀಗೆ ಹದಿನಾಲ್ಕು ಸೊನ್ನೆ ಹುಡುಕಿ ಕೊಟ್ಟೆ. ಅವತ್ತಿನಿಂದ ಕನ್ನಡದ ಕರಡು ತಿದ್ದಲು ನನ್ನ ಹತ್ತಿರವೇ ಬರುತ್ತಾರೆ.

ಈಗ ನಾನು ಸಂಜೆ ಹೊತ್ತು ಅರಸೀಕೆರೆ ಕಡೆಯ ಒಬ್ಬ ಹುಡುಗನಿಗೆ ಫೋನಿನಲ್ಲಿ ಹೇಳಿಕೊಡುತ್ತಿದ್ದೇನೆ. ಅವನಿಗೆ ಮೊದಲು ಕೊಟ್ಟ ಕಮಾಂಡು ಎನ್‌ವಿಡಿಎ ಕೀ ಮತ್ತು 1. ಅದನ್ನು ಒತ್ತಿದ ಮೇಲೆ ಯಾವ ಕೀ ಒತ್ತಿದರೂ ಕೆಲಸ ಆಗೋದಿಲ್ಲ, ಆ ಕೀ ಏನು ಮಾಡುತ್ತದೆ ಅಂತ ಹೇಳುತ್ತದೆ, ಅಷ್ಟೇ. ಏನಾದರೂ ಹಾಳಾಗುತ್ತದೆ ಅನ್ನುವ ಹೆದರಿಕೆ ಇಲ್ಲ. ಒಂದು ವಾರ ಅವನು ಇಡೀ ಕೀಬೋರ್ಡನ್ನು ಹೀಗೇ ಕೇಳಿ ಕೇಳಿ ಕಲಿತ. ಒಂದು ರಾತ್ರಿ ಗಾಬರಿಯಲ್ಲಿ ಫೋನ್ ಮಾಡಿದ.

'ಅಕ್ಕಾ, ಇದು ಕೆಟ್ಟೋಯ್ತು. ಮಾತೇ ಆಡ್ತಿಲ್ಲ. ಬರೀ ಬೀಪ್ ಬೀಪ್ ಅಂತಿದೆ.'

'ಏನ್ ಮಾಡ್ತಿದ್ದೆ?'

'ಫೈಲ್ ಸೇವ್ ಮಾಡ್ತಿದ್ದೆ, ಎರಡ್ ಮೂರ್ ಸಲ ಎಸ್ ಒತ್ತಿದೆ.'

'ಕಂಟ್ರೋಲ್ ಜೊತೆ ಎಸ್ ಒತ್ತಿದ್ಯೋ, ಕ್ಯಾಪ್ಸ್ ಲಾಕ್ ಜೊತೆಗೋ?'

ಸ್ವಲ್ಪ ಹೊತ್ತು ಸುಮ್ಮನಿದ್ದ. ಕ್ಯಾಪ್ಸ್ ಲಾಕೇ ಅವನ ಎನ್‌ವಿಡಿಎ ಕೀ. ಅದರ ಜೊತೆ ಎಸ್ ಒತ್ತಿದ ಹಾಗೆಲ್ಲ ಮಾತಿನ ಸ್ಥಿತಿ ಬದಲಾಗುತ್ತಾ ಹೋಗುತ್ತದೆ, ಅದರಲ್ಲಿ ಪೂರ್ತಿ ಮೌನವೂ ಇದೆ, ಬರೀ ಬೀಪೂ ಇದೆ. 'ಅದನ್ನೇ ಇನ್ನೊಂದ್ ಸಲ ಒತ್ತು' ಅಂದೆ. ಫೋನಿನಲ್ಲೇ ಇ-ಸ್ಪೀಕ್ ದನಿ ನನಗೂ ಕೇಳಿಸಿತು. ಎನ್‌ವಿಡಿಎ ನಿಜವಾಗಿಯೂ ನಿಂತುಹೋಗಿದ್ದರೆ ಕಂಟ್ರೋಲ್ ಆಲ್ಟ್ ಎನ್ ಒತ್ತಿದರೆ ಮತ್ತೆ ಶುರು ಆಗುತ್ತದೆ. ಅದಕ್ಕೂ ಬಗ್ಗದಿದ್ದರೆ ವಿಂಡೋಸ್ ಕಂಟ್ರೋಲ್ ಎಂಟರ್, ವಿಂಡೋಸ್‌ನ ಸ್ವಂತ ನರೇಟರ್ ಮಾತಾಡುತ್ತದೆ, ಅಷ್ಟರಲ್ಲಿ ಕೆಲಸ ಉಳಿಸಿಕೊಳ್ಳಬಹುದು. ಇವೆರಡನ್ನೂ ಅವತ್ತೇ ಅವನಿಂದ ಹತ್ತು ಹತ್ತು ಸಲ ಒತ್ತಿಸಿದೆ.

ಹೋದ ವಾರ ಅವನು ತನ್ನ ಮೊದಲ ಅರ್ಜಿಗೆ ಕೂತ. ನಾನು ಫೋನಿನ ಈಚೆ ಸುಮ್ನೆ ಕೇಳುತ್ತಿದ್ದೆ. ಕಂಟ್ರೋಲ್ ಹೋಮ್, ಆಮೇಲೆ ಕೆಳಗಿನ ಬಾಣ, ಕೆಳಗಿನ ಬಾಣ, ಮುಕ್ಕಾಲು ಗಂಟೆ. ಒಂದು ಕಡೆ ನಿಂತು ಎನ್‌ವಿಡಿಎ ಕೀ ಜೊತೆ ಮೇಲಿನ ಬಾಣ ಒತ್ತಿ ಅದೇ ಸಾಲನ್ನು ಮತ್ತೆ ಓದಿಸಿದ. ಫೋಟೊ 50 ಕೆಬಿ ಒಳಗಿರಬೇಕು ಅಂತ ಇತ್ತು. ಅವನ ಹತ್ತಿರ ಇದ್ದದ್ದು ದೊಡ್ಡ ಫೋಟೊ. 'ಅಕ್ಕಾ, ಇವತ್ತು ತುಂಬಲ್ಲ, ನಾಳೆ ಸ್ಟುಡಿಯೋಗೆ ಹೋಗಿ ಚಿಕ್ಕದು ಮಾಡಿಸ್ಕೊಂಡು ಬರ್ತೀನಿ' ಅಂದ. ಕೊನೆಯ ದಿನಾಂಕಕ್ಕೆ ಇನ್ನೂ ಒಂಬತ್ತು ದಿನ ಇದೆ.